ಚಿಪ್ ಬದಲಾದರೆ ಗಡಿಯಾರವೂ ಬದಲಾಗುತ್ತದೆ

ಕೋಲಾರ ಜಿಲ್ಲೆಯಲ್ಲಿ ತ್ರೀ ಫೇಸ್ ಕರೆಂಟ್ ಬಂದೊಡನೆ ಹೊತ್ತಲ್ಲದ ಹೊತ್ತಿನಲ್ಲಿ ತೋಟಕ್ಕೆ ಓಡುವ ಕಷ್ಟವನ್ನು ಮೊಬೈಲ್ ಸ್ಟಾರ್ಟರ್ ಎಷ್ಟೋ ರೈತರಿಗೆ ತಪ್ಪಿಸಿದೆ. ಮನೆಯಿಂದಲೇ ಕರೆ ಮಾಡಿದರೆ ಬೋರ್‌ವೆಲ್ ಮೋಟಾರ್ ಶುರುವಾಗುತ್ತದೆ. ಮೂರೂ ಫೇಸ್ ಸರಿಯಿವೆಯೇ, ಕರೆ ಬಂದಿದೆಯೇ, ಡ್ರಿಪ್ ಬಿಡುವ ಅವಧಿ ಮುಗಿಯಿತೇ ಎಂದು ಆ ಪೆಟ್ಟಿಗೆ ಸದಾ ಗಮನಿಸುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ನೀರಿಲ್ಲದೆ ಮೋಟಾರ್ ಡ್ರೈ ರನ್ ಆಗುತ್ತಿದೆಯೇ ಎಂಬುದು. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಊರಿನಲ್ಲಿ ಸುಟ್ಟ ಮೋಟಾರನ್ನು ಮೇಲೆತ್ತಿಸಿ ರೀವೈಂಡಿಂಗ್ ಮಾಡಿಸುವ ಹೊತ್ತಿಗೆ ಬೆಳೆ ಒಣಗಿರುತ್ತದೆ.

ಇಂಥ ಯಂತ್ರಗಳಲ್ಲಿ ಕೆಲಸಗಳ ಸರದಿ ನೋಡಿಕೊಳ್ಳಲೆಂದೇ ಪುಟ್ಟ ಆಪರೇಟಿಂಗ್ ಸಿಸ್ಟಮ್‌ಗಳಿವೆ. ರಿಚರ್ಡ್ ಬ್ಯಾರಿ 2003ರಲ್ಲಿ ರೂಪಿಸಿದ ಫ್ರೀಆರ್‌ಟಿಒಎಸ್ ಅವುಗಳಲ್ಲಿ ಬಹು ಪ್ರಸಿದ್ಧ. ಅದರ ತಿರುಳು ಸಿ ಭಾಷೆಯಲ್ಲಿ ಬರೆದ ಮೂರೇ ಕಡತಗಳು. ತಾವು ಯಾವ ಪ್ರೊಸೆಸರ್ ಮೇಲೆ ಓಡುತ್ತಿದ್ದೇವೆ ಎಂಬುದು ಆ ಕಡತಗಳಿಗೆ ತಿಳಿದಿರುವುದಿಲ್ಲ. ತಿಳಿದಿರುವುದು ಪಕ್ಕದಲ್ಲಿರುವ ಒಂದು ಚಿಕ್ಕ ಭಾಗಕ್ಕೆ ಮಾತ್ರ. ಹೊಸ ಪ್ರೊಸೆಸರ್‌ಗೆ ಪೋರ್ಟ್ ಮಾಡುವುದೆಂದರೆ ಆ ಭಾಗವನ್ನು ಹೊಸದಾಗಿ ಬರೆಯುವುದು. 2021ರ ಚಿಪ್ ಕೊರತೆಯಲ್ಲಿ ಜಗತ್ತಿನ ಅನೇಕ ತಯಾರಕರು ಸಿಕ್ಕ ಚಿಪ್‌ಗೆ ತಕ್ಕಂತೆ ತಮ್ಮ ಉಪಕರಣಗಳನ್ನು ಮಾರ್ಪಡಿಸಬೇಕಾಯಿತು. ಪೋರ್ಟ್ ಮಾಡುವ ವಿದ್ಯೆಯ ಬೆಲೆ ಆಗ ಚೆನ್ನಾಗಿ ತಿಳಿಯಿತು.

ಬರೆಯಬೇಕಾದ ಸಾಲುಗಳು ಕಡಿಮೆಯೇ. ಅಪಾಯವಿರುವುದು ಹಳೆಯ ಚಿಪ್ ನಮಗೆ ಕಲಿಸಿದ, ನಾವು ಎಲ್ಲೂ ಬರೆದಿಡದ ಅಭ್ಯಾಸಗಳಲ್ಲಿ. ಹಿಂದೆ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಅನ್ನು ಪಿಡಿಪಿ-11 ಕಂಪ್ಯೂಟರ್‌ನಿಂದ ಬೇರೆ ಯಂತ್ರಕ್ಕೆ ಒಯ್ದವರಿಗೆ ಇದು ಎದುರಾಯಿತು. ಎರಡು ಬೈಟ್‌ಗಳಲ್ಲಿ ಯಾವುದು ಮೊದಲು ಎಂಬುದರಲ್ಲಿ ಯಂತ್ರಗಳು ಒಮ್ಮತದಲ್ಲಿರಲಿಲ್ಲ. ಹಾಗಾಗಿ ‘ಯು-ಎನ್-ಐ-ಎಕ್ಸ್’ ಎಂಬ ಅಕ್ಷರಗಳು ‘ಎನ್-ಯು-ಎಕ್ಸ್-ಐ’ ಆಗಿ ಹೊರಬಂದವು. ಆ ತೊಡಕಿಗೆ ಇಂದಿಗೂ ಅದೇ ಹೆಸರು.

ಈಗ ಸ್ಟಾರ್ಟರ್‌ಗೆ ಬರೋಣ. ಹಳೆಯ ಚಿಪ್ ಆರ್ಮ್ ಕಾರ್ಟೆಕ್ಸ್-ಎಂ, ಹೊಸದು 32 ಬಿಟ್‌ನ ರಿಸ್ಕ್-ಫೈವ್ ಎಂದಿಟ್ಟುಕೊಳ್ಳಿ; ಇವು ಎರಡು ಬೇರೆ ಬೇರೆ ಪ್ರೊಸೆಸರ್ ಬಳಗಗಳು. ಟೊಮೆಟೊ ಮಂಡಿಯ ಗುಮಾಸ್ತರು ಒಬ್ಬ ರೈತನ ಲೆಕ್ಕವನ್ನು ಅರ್ಧದಲ್ಲಿ ಎತ್ತಿಟ್ಟು ಇನ್ನೊಬ್ಬನದನ್ನು ತೆರೆಯುವಂತೆ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವಾಗ ಪ್ರೊಸೆಸರ್‌ನ ರಿಜಿಸ್ಟರ್‌ಗಳಲ್ಲಿ (ಲೆಕ್ಕ ನಡೆಯುವಾಗ ಸಂಖ್ಯೆಗಳನ್ನು ಹಿಡಿದಿಡುವ ಪುಟ್ಟ ಕೋಶಗಳಲ್ಲಿ) ಇರುವುದನ್ನೆಲ್ಲ ಜೋಪಾನವಾಗಿ ತೆಗೆದಿಡಬೇಕು. ಕಾರ್ಟೆಕ್ಸ್-ಎಂನಲ್ಲಿ ಇಂಟರಪ್ಟ್ (ಕೈಯಲ್ಲಿರುವ ಕೆಲಸ ನಿಲ್ಲಿಸಿ ಇತ್ತ ನೋಡು ಎನ್ನುವ ಸಂಕೇತ) ಬಂದಾಗ ಎಂಟು ರಿಜಿಸ್ಟರ್‌ಗಳನ್ನು ಹಾರ್ಡ್‌ವೇರ್ ತಾನೇ ಸ್ಟ್ಯಾಕ್ ಎಂಬ ಮೆಮೊರಿಯ ಜಾಗಕ್ಕೆ ಹಾಕುತ್ತದೆ. ರಿಸ್ಕ್-ಫೈವ್ ಕೆಲಸ ಎಲ್ಲಿ ನಿಂತಿತು, ಏಕೆ ನಿಂತಿತು ಎಂದಷ್ಟೇ ಗುರುತಿಟ್ಟುಕೊಳ್ಳುತ್ತದೆ. ಉಳಿದದ್ದೆಲ್ಲ ಪೋರ್ಟ್ ಬರೆಯುವವರ ಹೊಣೆ. ಇಲ್ಲಿ ಎಡವಿದರೆ ಸಾಮಾನ್ಯವಾಗಿ ಬೇಗನೆ ಗೊತ್ತಾಗುತ್ತದೆ, ಏಕೆಂದರೆ ಪೆಟ್ಟಿಗೆ ಓಡುವುದೇ ಇಲ್ಲ.

ಸರದಿ ಬದಲಿಸುವ ಹೊತ್ತಾಯಿತೆಂದು ಇಂಟರಪ್ಟ್ ಕಳಿಸುವ ಗಡಿಯಾರದ ವಿಷಯ ಹಾಗಲ್ಲ. ಕಾರ್ಟೆಕ್ಸ್-ಎಂನ ಸಿಸ್‌ಟಿಕ್ 24 ಬಿಟ್‌ನ ಕೌಂಟರ್. ಸೊನ್ನೆಗೆ ಇಳಿದಾಗ ತಾನೇ ಮತ್ತೆ ತುಂಬಿಕೊಂಡು ಎಣಿಕೆ ಮುಂದುವರಿಸುತ್ತದೆ. ರಿಸ್ಕ್-ಫೈವ್‌ನ ಎಂಟೈಮ್ 64 ಬಿಟ್‌ನದು, ಏರುತ್ತಲೇ ಹೋಗುತ್ತದೆ. ಮುಂದಿನ ಇಂಟರಪ್ಟ್ ಯಾವಾಗ ಎಂಬುದನ್ನು ಪ್ರತಿ ಸಲವೂ ಇನ್ನೊಂದು ರಿಜಿಸ್ಟರ್‌ನಲ್ಲಿ ನಾವೇ ಬರೆಯಬೇಕು. 32 ಬಿಟ್‌ನ ಪ್ರೊಸೆಸರ್ 64 ಬಿಟ್‌ನ ಸಂಖ್ಯೆಯನ್ನು ಒಂದೇ ಏಟಿಗೆ ಓದಲಾರದು, ಎರಡು ಅರ್ಧಗಳಾಗಿ ಓದುತ್ತದೆ. ಕೆಳಗಿನ ಅರ್ಧ ಭರ್ತಿಯಾಗಿರುವಾಗ ಅದನ್ನು ಓದಿದೆವು ಎನ್ನಿ. ಮರುಕ್ಷಣವೇ ಅದು ಸೊನ್ನೆಗೆ ತಿರುಗಿ ಮೇಲಿನ ಅರ್ಧ ಒಂದು ಹೆಚ್ಚಿತು. ಈಗ ಮೇಲಿನದನ್ನು ಓದಿದರೆ ಕೈಗೆ ಬರುವುದು ಎಂದೂ ಇರದಿದ್ದ ಒಂದು ಸಮಯ. ಗಡಿಯಾರ ಸೆಕೆಂಡಿಗೆ 10 ಲಕ್ಷ ಬಾರಿ ಎಣಿಸುತ್ತಿದ್ದರೆ ಆ ಸಮಯ ನಿಜಕ್ಕಿಂತ ಸುಮಾರು 71 ನಿಮಿಷ ಮುಂದಿರುತ್ತದೆ. ಅದನ್ನು ನಂಬಿ ಮುಂದಿನ ಇಂಟರಪ್ಟ್ ಗೊತ್ತುಮಾಡಿದರೆ ಅಷ್ಟು ಹೊತ್ತು ಸರದಿ ಬದಲಾಗುವುದಿಲ್ಲ, ಡ್ರೈ ರನ್ ತಪಾಸಣೆ ನಡೆಯುವುದಿಲ್ಲ. ಮೋಟಾರ್ ಮಾತ್ರ ತಿರುಗುತ್ತಲೇ ಇರುತ್ತದೆ.

ಪರಿಹಾರ ಸರಳ: ಮೇಲಿನ ಅರ್ಧವನ್ನು ಓದಿ, ಕೆಳಗಿನದನ್ನು ಓದಿ, ಮೇಲಿನದನ್ನು ಮತ್ತೊಮ್ಮೆ ಓದಬೇಕು, ಮೇಲಿನದರ ಎರಡು ಓದುಗಳು ತಾಳೆಯಾಗದಿದ್ದರೆ ಮೊದಲಿನಿಂದ ಶುರುಮಾಡಬೇಕು. ಫ್ರೀಆರ್‌ಟಿಒಎಸ್‌ನ ರಿಸ್ಕ್-ಫೈವ್ ಪೋರ್ಟ್ ಮಾಡುವುದೂ ಇದನ್ನೇ. ಹಳೆಯ ಚಿಪ್‌ನಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲವಾದ್ದರಿಂದ, ಅಲ್ಲಿ ಪಳಗಿದ ಕೈ ಇದನ್ನು ಮರೆಯುವುದು ಸುಲಭ. 71 ನಿಮಿಷಕ್ಕೊಮ್ಮೆ, ಅದೂ ಮೈಕ್ರೊಸೆಕೆಂಡಿನಷ್ಟು ಕಿರಿದಾದ ಕಿಂಡಿಯಲ್ಲಿ ತಲೆಹಾಕುವ ದೋಷವನ್ನು ಪ್ರಯೋಗಾಲಯದ ಮೇಜು ಹಿಡಿದುಕೊಡುವುದಿಲ್ಲ.

ಮದರಾಸಿನ ಐಐಟಿಯ ಶಕ್ತಿ, ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ವೇಗಾ ಪ್ರೊಸೆಸರ್‌ಗಳೂ ರಿಸ್ಕ್-ಫೈವ್ ಬಳಗದವೇ. ಹೀಗಾಗಿ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಕೆಲಸವನ್ನು ಕೈಯಾರೆ ಮಾಡಿ ಕಲಿಯಲೇಬೇಕು. ಬೋರ್ಡ್ ಕೊಳ್ಳುವ ಅಗತ್ಯವೂ ಇಲ್ಲ, ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಕ್ಯೂಇಎಂಯು ಎಂಬ ಉಚಿತ ತಂತ್ರಾಂಶ ರಿಸ್ಕ್-ಫೈವ್ ಯಂತ್ರವನ್ನೇ ಅನುಕರಿಸುತ್ತದೆ. ಎಲ್‌ಇಡಿ ಮಿನುಗಿಸುವುದಕ್ಕೆ ಮೊದಲು ಟೈಮರ್ ಭಾಗವನ್ನು ಬರೆಯಿರಿ ಎನ್ನುತ್ತೇನೆ. 71 ನಿಮಿಷ ಕಾಯಬೇಕಾಗಿಲ್ಲ. ಎಂಟೈಮ್‌ಗೆ ಬರೆಯಲೂ ಅವಕಾಶವಿದೆ. ಕೆಳಗಿನ ಅರ್ಧವನ್ನು ಭರ್ತಿಯ ಅಂಚಿಗೆ ತಂದಿಟ್ಟು, ಬಿಡುವಿಲ್ಲದೆ ಓದುತ್ತಾ ಹೋಗಿ, ಹಿಂದಿನ ಓದಿಗೂ ಈಗಿನ ಓದಿಗೂ ಎಷ್ಟು ಅಂತರವಿದೆ ಎಂದು ಪ್ರತಿ ಸಲವೂ ಪರೀಕ್ಷಿಸಿ.