ಕಾರವಾರ, ಶಿರಸಿ ಒಂದೇ ಜಿಲ್ಲೆ ಹೇಗಾದವು?

ಓದುಗರ ಪ್ರಶ್ನೆ: ಕಾರವಾರ ಎಂದರೆ ಬಂದರು, ಮೀನು, ಕೊಂಕಣಿ. ಶಿರಸಿ ಎಂದರೆ ಅಡಿಕೆ ತೋಟ. ಮುಂಡಗೋಡ ಹೆಚ್ಚುಕಡಿಮೆ ಬಯಲುಸೀಮೆ. ಇವೆಲ್ಲ ಒಂದೇ ಜಿಲ್ಲೆಯಲ್ಲಿ ಏಕಿವೆ?

ಉತ್ತರ: ಟಿಪ್ಪು ಸುಲ್ತಾನನ ಪತನದ ನಂತರ ಕರಾವಳಿಯ ಜೊತೆಗೆ, ಶಿರಸಿ ಬಳಿಯ ಸೋಂದೆಯ ಅರಸರು ಆಳಿದ್ದ ಘಟ್ಟದ ಮೇಲಿನ ನಾಡೂ ಕೆನರಾ ಜಿಲ್ಲೆಗೆ ಸೇರಿ ಮದ್ರಾಸ್ ಆಡಳಿತಕ್ಕೆ ಬಂತು. ಮುಂದೆ ಕೆನರಾ ಎರಡಾಯಿತು. ಉತ್ತರದ ಪಾಲನ್ನು, ಅಂದರೆ ಇಂದಿನ ಉತ್ತರ ಕನ್ನಡವನ್ನು, 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಕೊಟ್ಟರು. ಇದರ ಹಿಂದೆ ಇದ್ದದ್ದು ಹತ್ತಿ. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಲ್ಲಿ ಹಡಗಿಗೆ ತುಂಬುವ ಲೆಕ್ಕಾಚಾರ ಅದು. ಕೊನೆಗೆ ರೈಲು ಇಳಿದದ್ದು ಗೋವಾದ ಮುರಗಾಂವ್ ಬಂದರಿಗೆ. ಕಾರವಾರದ ಹತ್ತಿ ವ್ಯಾಪಾರ ಕುಗ್ಗಿತು, ಜಿಲ್ಲೆಯ ಗಡಿ ಮಾತ್ರ ಉಳಿದು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು.

ಇದು ಆಡಳಿತದ ಕಥೆ. ಇಲ್ಲಿನ ನೆಲವನ್ನು ಅರಿಯಬೇಕೆಂದರೆ ಅಘನಾಶಿನಿಯ ಜೊತೆ ಹೋಗಬೇಕು. ಶಿರಸಿಯಲ್ಲಿ ಹುಟ್ಟುವ ಈ ಹೊಳೆ ಸಿದ್ದಾಪುರದ ಕಾಡಿನ ನಡುವೆ ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಮೇಲೆ ಅಡಿಕೆ ತೋಟಕ್ಕೆ ಗೊಬ್ಬರ ಬರುವುದೇ ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ಕೊಯ್ಯುವ ಕಾಡಿನಿಂದ. ಆ ಬೆಟ್ಟ ಹಸಿರಾಗಿದ್ದರೆ ಹೊಳೆಯಲ್ಲೂ ನೀರು. ಕೆಳಗೆ ಮಾಣಿಕಟ್ಟಾ ಸುತ್ತಿನ ಗಜನಿ ಗದ್ದೆಗಳಲ್ಲಿ (ಹೊಳೆ ಸಮುದ್ರ ಸೇರುವಲ್ಲಿನ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು) ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪುನೀರು ನುಗ್ಗಿ ಕೆಲದಿನ ಮುಳುಗಿದರೂ ಕಗ್ಗ ಸಾಯುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ (ಸಮುದ್ರದ ಉಬ್ಬರದ) ನೀರು ಬಿಟ್ಟರೆ ಸಿಗಡಿ, ಮೀನು. ಒಂದೇ ಗದ್ದೆ ಅನ್ನವನ್ನೂ ಸಾರನ್ನೂ ಕೊಡುವ ಇಂಥ ಬೇಸಾಯ ಉಳಿಯಲೇಬೇಕು.

ಮಳೆಯಲ್ಲಿ ನಿಜಕ್ಕೂ ಅಜಗಜಾಂತರವಿದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿದರೆ ಹಳಿಯಾಳ, ಮುಂಡಗೋಡದಲ್ಲಿ ಅದರ ಅರ್ಧವೂ ಇಲ್ಲ.

ಶಿರಸಿ ಪ್ರತ್ಯೇಕ ಜಿಲ್ಲೆಯಾಗಬೇಕೆಂಬ ಬೇಡಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ಸಹಿಗಾಗಿ ದೇವಿಮನೆ ಘಟ್ಟ ಇಳಿದು ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ನೂರು ಕಿ.ಮೀ.ಗೂ ಹೆಚ್ಚು ಹೋಗುವುದು ಸಣ್ಣ ಕಷ್ಟವಲ್ಲ. ಮುಂಡಗೋಡದವರಿಗಂತೂ ಹುಬ್ಬಳ್ಳಿಯೇ ಹತ್ತಿರ. ಆದರೆ ಕಚೇರಿ ಎಲ್ಲೇ ಇರಲಿ, ಘಟ್ಟದ ಮೇಲೆ ಹೊಳೆಯ ನೀರನ್ನು ಬೇರೆಡೆ ತಿರುಗಿಸುವ ಮಾತು ಬಂದಾಗ ಕೆಳಗಿನ ಗಜನಿ ರೈತರನ್ನೂ ಮೀನುಗಾರರನ್ನೂ ಕೂರಿಸಿಕೊಂಡೇ ತೀರ್ಮಾನಿಸಬೇಕು. ಸಿಹಿನೀರು ಕಡಿಮೆಯಾದಷ್ಟೂ ಉಪ್ಪುನೀರು ಒಳಗೆ ಏರುತ್ತದೆ.