ದಾವಣಗೆರೆಗೆ ಬಂದ್ರೆ ಬೆಣ್ಣೆ ದೋಸೆ ಬಿಟ್ಟು ಇನ್ನೇನು ತಿನ್ಬೇಕು?

ಪ್ರಶ್ನೆ: ಮದುವೆಗೆ ಅಂತ ದಾವಣಗೆರೆಗೆ ಬರ್ತಿದೀವಿ, ಒಂದೇ ದಿನ ಇರೋದು. ಬೆಣ್ಣೆ ದೋಸೆ ಈಗ ಬೆಂಗಳೂರಲ್ಲೂ ಏರಿಯಾಗೊಂದು ಕಡೆ ಸಿಗುತ್ತೆ. ಅದನ್ನ ಬಿಟ್ಟು ನಿಮ್ಮೂರಲ್ಲಿ ತಿನ್ಲೇಬೇಕು ಅನ್ನೋದು ಏನಿದೆ?

ಉತ್ತರ: ಮಂಡಕ್ಕಿ ರೀ, ಬೆಂಗಳೂರು ಕಡೆ ಕಡಲೆಪುರಿ ಅಂತಾರಲ್ಲ ಅದೇ. ಬೇರೆ ಏನ್ ಬಿಟ್ರೂ ಪರ್ವಾಗಿಲ್ಲ, ಸಂಜೆ ಹೊತ್ತು ಒಂದು ಪ್ಲೇಟ್ ಮಂಡಕ್ಕಿ, ಜೊತೆಗೆ ಎರಡು ಬಿಸಿ ಮೆಣಸಿನಕಾಯಿ ಬಜ್ಜಿ ತಿನ್ದೆ ವಾಪಸ್ ಹೋಗ್ಬೇಡಿ. ಹೊರಗಿನೋರಿಗೆ ದಾವಣಗೆರೆ ಅಂದ್ರೆ ದೋಸೆ, ಆದ್ರೆ ನಮ್ಮೂರಲ್ಲಿ ದಿನಾ ಸಂಜೆ ಜನ ಗಾಡಿ ಮುಂದೆ ನಿಂತು ತಿನ್ನೋದು, ಮನೇಲಿ ದಿಢೀರ್ ಅಂತ ನೆಂಟರು ಬಂದಾಗ ಮಾಡೋದು, ಹುಡುಗ್ರು ಟ್ಯೂಷನ್ ಮುಗಿಸ್ಕೊಂಡು ಹುಡುಕ್ಕೊಂಡು ಹೋಗೋದು ಎಲ್ಲ ಮಂಡಕ್ಕಿನೇ. ಇನ್ನೊಂದು ವಿಷ್ಯ ಗೊತ್ತಾ, ನೀವು ಬಿಡ್ತೀನಿ ಅಂತಿರೋ ಆ ಬೆಣ್ಣೆ ದೋಸೆ ಹಿಟ್ಟಲ್ಲೂ ಮಂಡಕ್ಕಿ ಇದೆ!

ಊರಲ್ಲಿ ಹೇಳೋ ಕತೆ ಹಿಂಗಿದೆ. 1928ರಲ್ಲಿ ಚೆನ್ನಮ್ಮ ಅನ್ನೋ ಹೆಣ್ಮಗಳು ಬೆಳಗಾವಿ ಕಡೆ ಹಳ್ಳಿಯಿಂದ ಮಕ್ಕಳನ್ನ ಕರ್ಕೊಂಡು ದಾವಣಗೆರೆಗೆ ಬಂದು, ವಸಂತ ಟಾಕೀಸ್ ಹತ್ರ ಇದ್ದ ನಾಟಕದ ಥಿಯೇಟರ್ ಮುಂದೆ ದೋಸೆ ಹಾಕೋಕೆ ಶುರು ಮಾಡಿದ್ರಂತೆ. ಆಗ ಅದು ರಾಗಿ ದೋಸೆ, ಮೇಲೆ ಬೆಣ್ಣೆ, ಪಕ್ಕಕ್ಕೆ ಖಾರದ ಚಟ್ನಿ, ಪಲ್ಯ. ಆಮೇಲೆ 1938ರ ಹೊತ್ತಿಗೆ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಸೇರಿಸಿ ಹಿಟ್ಟು ಮಾಡೋಕೆ ಶುರು ಮಾಡಿದ್ರು ಅಂತಾರೆ. ಮಂಡಕ್ಕಿ ಯಾಕೆ ಅಂದ್ರೆ ಅದು ಈಗಾಗ್ಲೇ ಒಂದ್ಸಲ ಬೆಂದು ಅರಳಿರೋದು, ನೆನೆಸಿ ರುಬ್ಬಿದ್ರೆ ಹಿಟ್ಟು ಹಗುರಾಗುತ್ತೆ, ದೋಸೆ ಮೇಲೆ ಗರಿಗರಿ ಇದ್ರೂ ಒಳಗೆ ಮೆತ್ತಗೆ ಉಳಿಯುತ್ತೆ. ಮನೇಲಿ ಮಾಡೋರು ಅವಲಕ್ಕಿನೋ ಅನ್ನನೋ ಹಾಕ್ತಾರಲ್ಲ, ಆ ಕೆಲಸಾನ ಇಲ್ಲಿ ಮಂಡಕ್ಕಿ ಮಾಡುತ್ತೆ.

ಮಂಡಕ್ಕಿ ನಮ್ಮೂರಲ್ಲೇ ಇಷ್ಟು ಯಾಕೆ? ಸುತ್ತ ಭದ್ರಾ ನಾಲೆ ನೀರಿದೆ, ಭತ್ತದ ಗದ್ದೆ ಇದೆ, ರೈಸ್ ಮಿಲ್ ಇವೆ, ಊರಲ್ಲಿ ಮಂಡಕ್ಕಿ ಹುರಿಯೋ ಭಟ್ಟಿಗಳಿವೆ. ಭಟ್ಟಿ ಇರೋ ಬಡಾವಣೆ ಹೆಸರೇ ಮಂಡಕ್ಕಿ ಭಟ್ಟಿ ಲೇಔಟ್. ಭತ್ತ ನೆನೆಸಿ, ಬಿಸಿ ಕಾಣಿಸಿ, ಒಣಗಿಸಿ, ಮಿಲ್ಲಿಗೆ ಹಾಕಿ ಅಕ್ಕಿ ಮಾಡಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕೊನೆಗೆ ಕಾದ ಮರಳಿಗೆ ಹಾಕ್ತಾರೆ, ಕೆಲವೇ ಸೆಕೆಂಡಲ್ಲಿ ಅರಳಿ ಬರುತ್ತೆ, ತಕ್ಷಣ ಜರಡಿ ಹಿಡಿದು ಮರಳು ಬೇರೆ ಮಾಡ್ಬೇಕು, ಇಲ್ಲಾಂದ್ರೆ ಸೀದು ಹೋಗುತ್ತೆ. ಬೇಸಿಗೆಲೂ ಆ ಬೆಂಕಿ ಮುಂದೆ, ಹೊಗೆ ದೂಳಲ್ಲಿ ನಿಂತು ಇಡೀ ಕುಟುಂಬ ದುಡಿಯುತ್ತೆ. ಅಂಗಡಿಯಲ್ಲಿ ಮಂಡಕ್ಕಿ ರೇಟು ಸ್ವಲ್ಪ ಜಾಸ್ತಿ ಆದ್ರೆ ನಾವು ಚೌಕಾಸಿ ಮಾಡ್ತೀವಿ. ಭಟ್ಟಿ ಒಂದ್ಸಲ ನೋಡಿದೋರಿಗೆ ಹಂಗೆ ಚೌಕಾಸಿ ಮಾಡೋಕೆ ಮನಸ್ಸು ಬರಲ್ಲ ಅನ್ಸುತ್ತೆ ನಂಗೆ.

ಈಗ ಏನೇನ್ ಕೇಳ್ಬೇಕು ಅಂತ ಹೇಳ್ತೀನಿ. ಮಂಡಕ್ಕಿ ಗಾಡಿ ಮುಂದೆ ಹೋಗಿ ಬರೀ 'ಮಂಡಕ್ಕಿ ಕೊಡಿ' ಅಂದ್ರೆ ಅವ್ರು 'ಯಾವ್ದು' ಅಂತ ತಿರುಗಿ ಕೇಳ್ತಾರೆ. ಖಾರ ಮಂಡಕ್ಕಿ ಅಂದ್ರೆ ಎಣ್ಣೆ, ಖಾರದ ಪುಡಿ, ಬೆಳ್ಳುಳ್ಳಿ ಹಾಕಿ ಕಲಸಿ ಮೇಲೆ ಈರುಳ್ಳಿ ಉದುರಿಸಿ ಕೊಡೋದು, ಗರಿಗರಿ ಇರುತ್ತೆ. ನರ್ಗಿಸ್ ಮಂಡಕ್ಕಿ ಅಂದ್ರೆ ಅರಿಶಿನದ ಬಣ್ಣ, ಹಸಿಮೆಣಸಿನಕಾಯಿ ಖಾರ, ಮೇಲೆ ಕೈತುಂಬ ಹುರಿಗಡಲೆ ಪುಡಿ, ಈರುಳ್ಳಿ, ಟೊಮೆಟೊ, ಕೊತ್ತಂಬರಿ. ಮೊದಲನೇ ಸಲ ಬರೋರಿಗೆ ನಾನು ಹೇಳೋದು ನರ್ಗಿಸ್ಸೇ, ಯಾಕಂದ್ರೆ ಆ ಹುರಿಗಡಲೆ ಪುಡಿ ಮಂಡಕ್ಕಿಗೆ ಅಂಟ್ಕೊಂಡು ಬಾಯಿಗೆ ಬರೋ ರುಚಿ ಬೇರೆ ಊರಲ್ಲಿ ಇಷ್ಟು ಚೆನ್ನಾಗಿ ನಂಗೆ ಸಿಕ್ಕಿಲ್ಲ. ಹುಬ್ಬಳ್ಳಿ ಧಾರವಾಡದ ಗಿರ್ಮಿಟ್ ತಿಂದಿರೋರು ಎರಡೂ ಒಂದೇ ಅನ್ಕೋಬೇಡಿ, ಗಿರ್ಮಿಟ್‌ಗೆ ಹುಣಸೆಹಣ್ಣಿನ ಹುಳಿ ಹಿಡಿಸಿದ ಈರುಳ್ಳಿ ಮಸಾಲೆ ಕಲಸ್ತಾರೆ, ಅದು ಸ್ವಲ್ಪ ಒದ್ದೆ, ಇದು ಒಣ. ಮೂರನೇದು ಒಗ್ಗರಣೆ ಮಂಡಕ್ಕಿ, ನೀರಲ್ಲಿ ಅದ್ದಿ ಹಿಂಡಿ ಮಾಡೋದು, ಮೆತ್ತಗಿರುತ್ತೆ, ಬೆಳಗ್ಗೆ ತಿಂಡಿಗೂ ನಡಿಯುತ್ತೆ.

ಯಾವ್ದೇ ತಗೊಳ್ಳಿ, ಪಕ್ಕಕ್ಕೆ ಮೆಣಸಿನಕಾಯಿ ಇರ್ಲೇಬೇಕು. ಉದ್ದ ಹಸಿಮೆಣಸಿನಕಾಯಿ ಸೀಳಿ ಕಡ್ಲೆಹಿಟ್ಟಲ್ಲಿ ಅದ್ದಿ ಕರಿದಿರೋ ಬಜ್ಜಿ ಅದು, ಬೇರೆ ಕಡೆ ಮಿರ್ಚಿ ಅಂತಾರಲ್ಲ ಅದೇ. ಬಾಣಲೆಯಿಂದ ಆಗ ತಾನೇ ತೆಗ್ದಿರೋದನ್ನೇ ಕೇಳಿ, ತಟ್ಟೇಲಿ ಆರಿ ಕೂತಿರೋದು ಬೇಡ. ಒಂದು ಕಚ್ಚು ಮೆಣಸಿನಕಾಯಿ, ಮೇಲೆ ಒಂದು ಮುಷ್ಟಿ ಮಂಡಕ್ಕಿ, ಹಂಗೇ ತಿನ್ಬೇಕು. ಖಾರ ತಡ್ಕೊಳ್ಳಲ್ಲ ಅನ್ನೋರು ಒಳಗಿನ ಬೀಜ ತೆಗ್ದು ತಿನ್ನಿ, ಮಕ್ಕಳಿಗೆ ಈರುಳ್ಳಿ ಬಜ್ಜಿನೋ ಆಲೂಗಡ್ಡೆ ಬಜ್ಜಿನೋ ಸಿಗುತ್ತೆ. ಮತ್ತೆ ದಯವಿಟ್ಟು ಪಾರ್ಸೆಲ್ ಮಾಡಿಸ್ಕೊಂಡು ರೂಮಿಗೆ ಹೋಗಿ ತಿಂತೀವಿ ಅನ್ಬೇಡಿ, ಕಲಸಿದ ಹತ್ತು ನಿಮಿಷಕ್ಕೆ ಈರುಳ್ಳಿ ಟೊಮೆಟೊ ನೀರು ಬಿಟ್ಟು ಮೆತ್ತಗಾಗುತ್ತೆ, ಅಲ್ಲೇ ನಿಂತು ತಿಂದ್ರೇನೆ ಅದು ಮಂಡಕ್ಕಿ.

ದೋಸೆ ಬಗ್ಗೆನೂ ಒಂದ್ಮಾತು, ಬೆಂಗಳೂರಲ್ಲಿ ಸಿಗುತ್ತೆ ಅಂತ ಇಲ್ಲಿ ಬಿಡೋದು ನಂಗಿಷ್ಟ ಇಲ್ಲ. ಬೋರ್ಡಲ್ಲಿ ದಾವಣಗೆರೆ ಅಂತ ಇದ್ರೆ ಸಾಲಲ್ಲ. ಇಲ್ಲಿ ಪಲ್ಯ ಬೆಳ್ಳಗಿರುತ್ತೆ, ಅರಿಶಿನ ಹಾಕಲ್ಲ, ಬರೀ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ. ಚಟ್ನಿ ತೆಂಗಿನಕಾಯಿದು, ಸಾಂಬಾರ್ ಕೊಡಲ್ಲ, ಕೇಳೋದೂ ಬೇಡ. ಹಳೇ ಹೋಟೆಲ್‌ಗಳಲ್ಲಿ ಈಗ್ಲೂ ಸೌದೆ ಒಲೆ ಮೇಲೆ ಹಾಕ್ತಾರೆ. ಬೆಣ್ಣೆ ದೋಸೆ, ಓಪನ್ ದೋಸೆ, ಖಾಲಿ ದೋಸೆ ಅಂತ ಇರುತ್ತೆ, ಬೆಣ್ಣೆ ಜಾಸ್ತಿ ಒಗ್ಗಲ್ಲ ಅನ್ನೋರಿಗೆ ಖಾಲಿ ದೋಸೆ. ಬೆಳಗ್ಗೆನೇ ಹೋಗ್ಬಿಡಿ, ಮದುವೆ ಮನೆ ಊಟಕ್ಕೆ ಮುಂಚೆ ಒಂದು ತಿಂದ್ರೆ ಸಾಕು, ಎರಡು ತಿಂದ್ರೆ ಮಧ್ಯಾಹ್ನ ಎಲೆ ಮುಂದೆ ಕಷ್ಟ.

ಮಧ್ಯಾಹ್ನದ ಊಟ ನಿಮಗೆ ಹೆಂಗೂ ಮದುವೆ ಮನೇಲಿ. ಅದು ತಪ್ಪಿದ್ರೆ ಖಾನಾವಳಿಗೆ ಹೋಗಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಪುಡಿ, ಗಟ್ಟಿ ಮೊಸರು. ರಾಜ್ಯದ ನಡುಮಧ್ಯ ಇರೋ ಊರಾದ್ರಿಂದ ಇಲ್ಲಿ ರೊಟ್ಟಿನೂ ಇದೆ ಮುದ್ದೆನೂ ಇದೆ. ಎರಡು ವರ್ಷಕ್ಕೊಮ್ಮೆ ಊರ ದೇವತೆ ದುಗ್ಗಮ್ಮನ ಜಾತ್ರೆ ನಡಿಯುತ್ತೆ, ಆ ಟೈಮಲ್ಲಿ ಬಂದ್ರೆ ಬೀದಿ ತುಂಬ ಮಂಡಕ್ಕಿ, ಖಾರ, ಬೆಂಡು ಬತ್ತಾಸಿನ ಅಂಗಡಿಗಳು.

ಹೋಗೋವಾಗ ಒಂದು ಚೀಲ ಮಂಡಕ್ಕಿ ಕಟ್ಟಿಸ್ಕೊಳ್ಳಿ. ಜಾಗ ತಿನ್ನುತ್ತೆ ಅಷ್ಟೇ, ತೂಕ ಇಲ್ಲ. ಕೊಳ್ಳೋ ಮುಂಚೆ ನಾಲ್ಕು ಕಾಳು ಬಾಯಿಗೆ ಹಾಕಿ ನೋಡಿ, ಗರಿ ಅನ್ಬೇಕು, ಮರಳು ಸಿಗ್ಬಾರ್ದು. ಮನೇಲಿ ಒಗ್ಗರಣೆ ಮಂಡಕ್ಕಿ ಮಾಡೋದು ಸುಲಭ: ಎಣ್ಣೆಗೆ ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಟೊಮೆಟೊ, ಅರಿಶಿನ ಹಾಕಿ ಬಾಡಿಸಿ. ಮಂಡಕ್ಕಿ ನೀರಿಗೆ ಹಾಕಿದ ತಕ್ಷಣ ಎತ್ತಿ ಹಿಂಡ್ಬಿಡಿ, ಬಿಟ್ರೆ ಮುದ್ದೆ ಆಗುತ್ತೆ. ಬಾಣಲೆಗೆ ಹಾಕಿ ಒಂದೆರಡು ಸಲ ತಿರುವಿ, ಒಲೆ ಆರಿಸಿ, ಹುರಿಗಡಲೆ ಪುಡಿ ಕಲಸಿ, ನಿಂಬೆಹಣ್ಣು ಹಿಂಡಿ. ಉಪ್ಪು ಮಾತ್ರ ಕೊನೆಗೆ ರುಚಿ ನೋಡಿ ಹಾಕಿ, ಮಂಡಕ್ಕಿಲೇ ಉಪ್ಪಿರುತ್ತೆ. ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟ ಮಂಡಕ್ಕಿ ಮೆತ್ತಗಾದ್ರೆ ಬಿಸಾಕ್ಬೇಡಿ, ಸಣ್ಣ ಉರಿಯಲ್ಲಿ ಬರೀ ಬಾಣಲೆಗೆ ಹಾಕಿ ಸ್ವಲ್ಪ ಹೊತ್ತು ಕೈಯಾಡಿಸಿ, ಆರೋಕೆ ಬಿಡಿ, ಮತ್ತೆ ಗರಿ ಆಗುತ್ತೆ.