ಹೊಸ ವರ್ಷನ್ ಬಂದಾಗೆಲ್ಲ ಹಳೇ ಪ್ರಾಡಕ್ಟ್ ರಿಪೇರಿ ಮಾಡ್ಲೇಬೇಕಾ?

ಓದುಗರು ಪದೇ ಪದೇ ಕೇಳೋ ಪ್ರಶ್ನೆ ಇದು: "ನಾನೊಬ್ಬನೇ ಕೂತು 3ಡಿ ಮಾಡೆಲ್, ಮೆಟೀರಿಯಲ್ (ಮಾಡೆಲ್ ಮೇಲ್ಮೈಯ ಬಣ್ಣ, ಹೊಳಪು) ಪ್ಯಾಕ್, ಸಣ್ಣಪುಟ್ಟ ಆಡ್-ಆನ್ (ಸಾಫ್ಟ್‌ವೇರ್ ಜೊತೆ ಸೇರಿಸ್ಕೊಳ್ಳೋ ಪುಟ್ಟ ಪ್ರೋಗ್ರಾಂ) ಮಾಡಿ ಆನ್‌ಲೈನಲ್ಲಿ ಮಾರ್ತೀನಿ. ಸಾಫ್ಟ್‌ವೇರ್ ಹೊಸ ವರ್ಷನ್ ಬಂತು ಅಂದ್ರೆ ಏನೋ ಒಂದು ಕೆಡುತ್ತೆ, ತಗೊಂಡವರು ಮೆಸೇಜ್ ಮೇಲೆ ಮೆಸೇಜ್ ಹಾಕ್ತಾರೆ, ಹೊಸದು ಮಾಡೋ ಟೈಮೆಲ್ಲ ಹಳೇದನ್ನ ಸರಿಮಾಡೋದ್ರಲ್ಲೇ ಹೋಗ್ತಿದೆ. ಪ್ರತಿ ಅಪ್‌ಡೇಟ್ ಹಿಂದೆನೂ ಓಡ್ಲೇಬೇಕಾ?"

ಬೇಕಿಲ್ಲ. ಆದ್ರೆ ಎಲ್ಲೀವರೆಗೆ ಓಡ್ತೀನಿ, ಎಲ್ಲಿ ನಿಲ್ತೀನಿ ಅನ್ನೋದನ್ನ ಮಾರೋಕೆ ಮುಂಚೆನೇ ತೀರ್ಮಾನ ಮಾಡಿ ಪ್ರಾಡಕ್ಟ್ ಪೇಜಲ್ಲಿ ಬರೆದುಬಿಡ್ಬೇಕು. ಹೆಚ್ಚಿನವ್ರು ಏನೂ ಬರೆಯಲ್ಲ, ಬರೆಯದೇ ಇದ್ದಾಗ ತಗೊಂಡವರು ಸಹಜವಾಗಿ ಇದು ಯಾವತ್ತಿಗೂ ನಡೆಯುತ್ತೆ ಅಂದ್ಕೊತಾರೆ, ಅದು ಅವರ ತಪ್ಪೂ ಅಲ್ಲ.

ಮೊದ್ಲು ಯಾಕೆ ಕೆಡುತ್ತೆ ಅಂತ ನೋಡೋಣ, ಯಾಕಂದ್ರೆ ಎಲ್ಲಾನೂ ಒಂದೇ ಥರ ಕೆಡಲ್ಲ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರನ್ನೇ ತಗೊಳ್ಳಿ. 2019ರ ಜುಲೈನಲ್ಲಿ 2.80 ಬಂದಾಗ ಆಡ್-ಆನ್ ಬರೆಯೋಕೆ ಬಳಸೋ ಪೈಥಾನ್ ಕೋಡಿನ ಕಡೆಯಿಂದ ಎಷ್ಟೋ ಬದಲಾಯ್ತು, ಒಂದು ಆಬ್ಜೆಕ್ಟನ್ನ ಸೆಲೆಕ್ಟ್ ಮಾಡೋ ಸಾಲೇ ಬೇರೆ ಆಯ್ತು, ಮ್ಯಾಟ್ರಿಕ್ಸ್ ಗುಣಿಸೋಕೆ * ಹಾಕ್ತಿದ್ದ ಕಡೆ @ ಹಾಕ್ಬೇಕಾಯ್ತು, 'ಬ್ಲೆಂಡರ್ ಇಂಟರ್ನಲ್' ಅನ್ನೋ ಹಳೇ ರೆಂಡರರ್ (ಮಾಡೆಲನ್ನ ಚಿತ್ರವಾಗಿ ಮೂಡಿಸೋ ಭಾಗ) ಪೂರ್ತಿ ಹೋಯ್ತು. ಹೀಗಾಗಿ 2.79ಕ್ಕೆ ಬರೆದಿದ್ದ ಆಡ್-ಆನ್‌ಗಳನ್ನ ಕೈಯಿಟ್ಟು ತಿದ್ದದೇ ಬೇರೆ ದಾರಿ ಇರ್ಲಿಲ್ಲ. ಆಮೇಲೆ 2023ರ ನವೆಂಬರಲ್ಲಿ 4.0 ಬಂದಾಗ ಪ್ರಿನ್ಸಿಪಲ್ಡ್ ಶೇಡರ್ (ಮೆಟೀರಿಯಲ್ ಹೇಗೆ ಕಾಣ್ಬೇಕು ಅಂತ ನಿರ್ಧರಿಸೋ ಭಾಗ) ಒಳಗಿನ ಹೆಸರುಗಳು ಬದಲಾದ್ವು, 'ಸ್ಪೆಕ್ಯುಲರ್' ಅಂತ ಇದ್ದಿದ್ದು 'ಸ್ಪೆಕ್ಯುಲರ್ ಐಓಆರ್ ಲೆವೆಲ್' ಆಯ್ತು, 'ಟ್ರಾನ್ಸ್‌ಮಿಷನ್' ಪಕ್ಕ 'ವೇಟ್' ಸೇರ್ಕೊಂತು. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಹಳೇ ಬ್ಲೆಂಡ್ ಫೈಲನ್ನ ಓಪನ್ ಮಾಡಿದ್ರೆ ಬ್ಲೆಂಡರ್ ತಾನಾಗೇ ಹೊಸ ಹೆಸರಿಗೆ ಹೊಂದಿಸ್ಕೊಳ್ಳುತ್ತೆ, ನಿಮ್ಮ ಮೆಟೀರಿಯಲ್ ಬಹುಪಾಲು ಉಳ್ಕೊಳ್ಳುತ್ತೆ. ಆದ್ರೆ ನಿಮ್ಮ ಸ್ಕ್ರಿಪ್ಟ್ (ಆಡ್-ಆನ್ ಕೋಡ್) 'ಸ್ಪೆಕ್ಯುಲರ್' ಅಂತ ಹೆಸರು ಹಿಡಿದು ಕರೀತಿದ್ರೆ ಅದು ಅಲ್ಲೇ ಎರರ್ ಕೊಟ್ಟು ನಿಲ್ಲುತ್ತೆ.

ಅಂದ್ರೆ ಮೆಶ್ (ಮಾಡೆಲ್ ಆಕಾರ), ಯುವಿ (ಆ ಆಕಾರದ ಮೇಲೆ ಚಿತ್ರ ಎಲ್ಲಿ ಕೂರ್ಬೇಕು ಅನ್ನೋ ನಕ್ಷೆ), ಟೆಕ್ಸ್ಚರ್ (ಆ ಚಿತ್ರ) ಇವೆಲ್ಲ ಬಾಳಿಕೆ ಬರೋ ವಸ್ತುಗಳು. ನೋಡ್ ಸೆಟಪ್, ಅಂದ್ರೆ ಮೆಟೀರಿಯಲ್ ಕಟ್ಟೋ ಡಬ್ಬಿಗಳ ಜೋಡಣೆ, ಮಧ್ಯದಲ್ಲಿದೆ. ಸ್ಕ್ರಿಪ್ಟ್ ಎಲ್ಲಕ್ಕಿಂತ ಬೇಗ ಹಳೇದಾಗುತ್ತೆ. ನೀವು ಮೂರನ್ನೂ ಒಂದೇ ಜಿಪ್‌ನಲ್ಲಿ ಕಟ್ಟಿ ಮಾರಿದ್ರೆ, ಸ್ಕ್ರಿಪ್ಟ್ ಕೆಟ್ಟ ದಿನ ಚೆನ್ನಾಗಿರೋ ಮಾಡೆಲ್‌ಗೂ ಕೆಟ್ಟ ರಿವ್ಯೂ ಬೀಳುತ್ತೆ, ಇದು ನಿಜಕ್ಕೂ ಹೊಟ್ಟೆ ಉರಿಸೋ ವಿಷಯ. ಬೇರೆ ಬೇರೆ ಇಡಿ. ಸ್ಕ್ರಿಪ್ಟ್ ಇಲ್ದೇನೂ ಮಾಡೆಲ್ ಬಳಸೋ ಹಾಗಿರ್ಲಿ. ಸ್ಕ್ರಿಪ್ಟ್ ಒಳಗೂ ಸಾಫ್ಟ್‌ವೇರ್ ಜೊತೆ ಮಾತಾಡೋ ಸಾಲುಗಳನ್ನೆಲ್ಲ ಒಂದೇ ಫೈಲಲ್ಲಿ ಹಾಕಿ, ಅಲ್ಲೇ ವರ್ಷನ್ ಯಾವ್ದು ಅಂತ ಚೆಕ್ ಮಾಡಿಸಿ, ಆಗ ಮುಂದಿನ ಸಲ ಹೆಸರು ಬದಲಾದ್ರೆ ಹತ್ತು ಕಡೆ ಹುಡುಕೋ ಬದಲು ಒಂದು ಕಡೆ ತಿದ್ದಿದ್ರೆ ಸಾಕು.

ಈಗ ಓಡೋ ವಿಷಯ. ಬ್ಲೆಂಡರ್ ವರ್ಷಕ್ಕೆ ಎರಡ್ಮೂರು ಸಲ ಹೊಸ ರಿಲೀಸ್ ಕೊಡುತ್ತೆ, ಎಲ್ಲದಕ್ಕೂ ಒಬ್ಬರೇ ಟೆಸ್ಟ್ ಮಾಡ್ತಾ ಕೂತ್ರೆ ಬದುಕೋಕಾಗಲ್ಲ. ಇದಕ್ಕೊಂದು ದಾರಿ ಇದೆ, ಬ್ಲೆಂಡರ್ ಮಾಡೋರೇ 2020ರಲ್ಲಿ 2.83ರಿಂದ ಎಲ್‌ಟಿಎಸ್ ಅನ್ನೋ ವ್ಯವಸ್ಥೆ ತಂದ್ರು, ಲಾಂಗ್ ಟರ್ಮ್ ಸಪೋರ್ಟ್ ಅಂತ, ಎರಡು ವರ್ಷ ಆ ವರ್ಷನ್‌ಗೆ ಬಗ್ ಫಿಕ್ಸ್ ಮಾತ್ರ ಬರುತ್ತೆ, ಒಳಗಿನ ರಚನೆ ಕದಲಲ್ಲ. 2024ರ ಜುಲೈನಲ್ಲಿ ಬಂದ 4.2, 2025ರ ಜುಲೈನಲ್ಲಿ ಬಂದ 4.5 ಎರಡೂ ಅಂಥವು. ನನ್ನ ಸಲಹೆ ಕೇಳಿದ್ರೆ ಒಬ್ಬರೇ ದುಡಿಯೋರು ಎಲ್‌ಟಿಎಸ್‌ಗೆ ಮಾತ್ರ ಮಾತು ಕೊಡ್ಬೇಕು. "4.5 ಎಲ್‌ಟಿಎಸ್‌ನಲ್ಲಿ ಟೆಸ್ಟ್ ಮಾಡಿದೆ, ಆ ವರ್ಷನ್‌ನ ಸಪೋರ್ಟ್ ಮುಗಿಯೋವರೆಗೆ ಫ್ರೀ ಫಿಕ್ಸ್, ಬೇರೆ ವರ್ಷನ್‌ನಲ್ಲಿ ನಡೀಬಹುದು ಆದ್ರೆ ಗ್ಯಾರಂಟಿ ಇಲ್ಲ" ಅಂತ ಎರಡು ಸಾಲು, ಬೆಲೆಯ ಪಕ್ಕದಲ್ಲೇ, ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಅಲ್ಲ. ಗೇಮ್ ಮಾಡೋ ಸಾಫ್ಟ್‌ವೇರ್ ಯೂನಿಟಿಗೂ ಎಲ್‌ಟಿಎಸ್ ಇದೆ. ಇಲ್ಲದಿರೋ ಸಾಫ್ಟ್‌ವೇರ್ ಆದ್ರೆ ವರ್ಷಕ್ಕೊಂದು ವರ್ಷನ್ ನೀವೇ ಆರಿಸ್ಕೊಂಡು ಅದನ್ನೇ ಹೇಳಿ.

ಇದು ಕೋಡ್ ಬದಲಾಗೋ ಕಥೆ ಆಯ್ತು, ಇದಕ್ಕಿಂತ ಕಷ್ಟದ್ದು ನಿಯಮ ಬದಲಾಗೋದು. 2022ರ ನವೆಂಬರಲ್ಲಿ ಅಡೋಬಿ ತನ್ನ ಸಾಫ್ಟ್‌ವೇರಿಂದ ಪ್ಯಾಂಟೋನ್ (ಪ್ರಿಂಟಿಂಗಲ್ಲಿ ಬಳಸೋ ನಂಬರ್ ಕೊಟ್ಟ ಬಣ್ಣಗಳು) ಬಣ್ಣದ ಲೈಬ್ರರಿಗಳನ್ನ ಹೆಚ್ಚಿನ ಪಾಲು ತೆಗೆದಾಗ, ಕೆಲವರು ತಾವೇ ಮಾಡಿಟ್ಟಿದ್ದ ಹಳೇ ಫೋಟೋಶಾಪ್ ಫೈಲ್ ಓಪನ್ ಮಾಡಿದ್ರೆ ಆ ಬಣ್ಣ ಇದ್ದ ಕಡೆ ಕಪ್ಪು ಕಾಣಿಸ್ತು. ಯೂನಿಟಿ 2023ರ ಸೆಪ್ಟೆಂಬರಲ್ಲಿ ಇನ್‌ಸ್ಟಾಲ್ ಲೆಕ್ಕದಲ್ಲಿ ಫೀಸ್ ಹಾಕ್ತೀವಿ ಅಂತು, ಗೇಮ್ ಮಾಡೋರು ತಿರುಗಿಬಿದ್ರು, ಒಂದು ವರ್ಷ ಆದ್ಮೇಲೆ ಪೂರ್ತಿ ವಾಪಸ್ ತಗೊಂತು, ಆದ್ರೆ ಅಷ್ಟರಲ್ಲಿ ಎಷ್ಟೋ ಜನರ ಪ್ಲಾನ್ ಕೆಟ್ಟಿತ್ತು. ಯೂಟ್ಯೂಬ್ 2019ರ ಜನವರಿಯಲ್ಲಿ ವೀಡಿಯೋ ಮೇಲೆ ಕ್ಲಿಕ್ ಮಾಡೋಕೆ ಹಾಕ್ತಿದ್ದ ಆನೋಟೇಷನ್‌ಗಳನ್ನ ತೆಗೆದಾಗ, ಒಂದು ವೀಡಿಯೋ ಒಳಗಿಂದ ಇನ್ನೊಂದಕ್ಕೆ ಕ್ಲಿಕ್ ಮಾಡ್ಕೊಂಡು ಹೋಗೋ ಥರ ಕಥೆ ಕಟ್ಟಿದ್ದವರ ಕೆಲಸ ಹಾಗೇ ಬಿಡಿಬಿಡಿ ವೀಡಿಯೋ ಆಗಿ ಉಳೀತು. ಇದ್ಯಾವುದ್ರಲ್ಲೂ ಮಾಡಿದವರ ಕೈಯಲ್ಲಿ ಏನೂ ಇರ್ಲಿಲ್ಲ, ಮತ್ತೆ ಇಂಥದ್ದು ಮತ್ತೆ ಆಗೋದೇ.

ಅದಕ್ಕೇ ಮಾಸ್ಟರ್ ಕಾಪಿ ಅನ್ನೋದನ್ನ ಯಾವುದೇ ಒಂದು ಕಂಪನಿಯ ಫಾರ್ಮ್ಯಾಟ್ ಹೊರಗೂ ಒಂದು ಇಟ್ಕೊಳ್ಳಿ ಅಂತ ನಾನು ಒತ್ತಿ ಹೇಳೋದು. 3ಡಿಗೆ ಜಿಎಲ್‌ಟಿಎಫ್ ಅನ್ನೋ ಫೈಲ್ ಫಾರ್ಮ್ಯಾಟ್ ಇದೆ, 2017ರಲ್ಲಿ 2.0 ಬಂತು, 2022ರಲ್ಲಿ ಐಎಸ್‌ಓ ಸ್ಟ್ಯಾಂಡರ್ಡ್ ಕೂಡ ಆಯ್ತು, ಮೆಶ್ ಜೊತೆಗೆ ಮೆಟೀರಿಯಲ್, ಬೋನ್ಸ್, ಅನಿಮೇಷನ್ ಎಲ್ಲ ಹೊತ್ಕೊಂಡು ಹೋಗುತ್ತೆ. ಓಬಿಜೆ ತುಂಬಾ ಹಳೇದು, ಆಕಾರ ಯುವಿ ಉಳಿಸುತ್ತೆ, ರಿಗ್ (ಮಾಡೆಲನ್ನ ಅಲ್ಲಾಡಿಸೋ ಬೋನ್ಸ್ ಜೋಡಣೆ) ಉಳಿಸಲ್ಲ. ನೋಡ್‌ನಿಂದಾನೇ ಮಾಡಿದ ಮೆಟೀರಿಯಲ್ ಹೆಚ್ಚಿನ ಫಾರ್ಮ್ಯಾಟಲ್ಲಿ ಹಾಗೇ ದಾಟಲ್ಲ, ಅದನ್ನ ಬೇಕ್ ಮಾಡಿ, ಅಂದ್ರೆ ಇಮೇಜಾಗಿ ಬದಲಿಸಿ, ಪಿಎನ್‌ಜಿ ಇಲ್ಲಾ ಇಎಕ್ಸ್‌ಆರ್‌ನಲ್ಲಿ ಇಡಿ, ಪ್ರಾಡಕ್ಟ್ ಮುಗಿಸಿದ ದಿನವೇ ಇಡಿ, ಯಾಕಂದ್ರೆ ಆಮೇಲೆ ಬೇಕಾದಾಗ ಆ ಹಳೇ ವರ್ಷನ್ ನಿಮ್ಮ ಹೊಸ ಕಂಪ್ಯೂಟರಲ್ಲಿ ನಡೀದೇ ಇರಬಹುದು. 2019ರಲ್ಲಿ ಮ್ಯಾಕ್ ಓಎಸ್ ಕ್ಯಾಟಲಿನಾ 32-ಬಿಟ್ ಆಪ್‌ಗಳನ್ನ ನಿಲ್ಲಿಸಿದಾಗ, ಅಪ್‌ಗ್ರೇಡ್ ಮಾಡ್ಕೊಂಡ ಎಷ್ಟೋ ಜನಕ್ಕೆ ದುಡ್ಡು ಕೊಟ್ಟು ತಗೊಂಡ ಹಳೇ ಟೂಲ್‌ಗಳೇ ಓಪನ್ ಆಗ್ಲಿಲ್ಲ.

ಇನ್ನು ದುಡ್ಡು. ಹೊಸ ಮೇಜರ್ ವರ್ಷನ್‌ಗೆ ಪ್ರಾಡಕ್ಟನ್ನ ಮತ್ತೆ ಕಟ್ಟೋದು ಹೊಸ ಕೆಲಸ, ಅದಕ್ಕೆ ದುಡ್ಡು ಕೇಳೋದ್ರಲ್ಲಿ ಯಾವ ಸಂಕೋಚನೂ ಬೇಡ, ಹಳೇ ಗ್ರಾಹಕರಿಗೆ ದೊಡ್ಡ ಡಿಸ್ಕೌಂಟ್ ಕೊಡಿ ಅಷ್ಟೇ. ಇತ್ತೀಚೆಗೆ ತಗೊಂಡವರಿಗೆ ಮಾತ್ರ ಫ್ರೀ ಕೊಡಿ, ನಿನ್ನೆ ತಗೊಂಡವರ ಹತ್ರ ಇವತ್ತು ಅಪ್‌ಗ್ರೇಡ್ ದುಡ್ಡು ಕೇಳೋದು ಅನ್ಯಾಯ.

ಕೆಲವು ಪ್ರಾಡಕ್ಟ್ ಬಿಡ್ಲೇಬೇಕಾಗುತ್ತೆ, ತಿಂಗಳಿಗೊಂದೂ ಮಾರಾಟ ಆಗದೇ ವಾರಕ್ಕೊಂದು ಕಂಪ್ಲೇಂಟ್ ತರೋವು. ಮೊದ್ಲು ಹೊಸ ಮಾರಾಟ ನಿಲ್ಲಿಸಿ, ಪೇಜ್ ಅಳಿಸ್ಬೇಡಿ, ತಗೊಂಡವರಿಗೆ ಡೌನ್‌ಲೋಡ್ ಲಿಂಕ್ ನಡೀತಾ ಇರ್ಲಿ. ಯಾವ ವರ್ಷನ್‌ವರೆಗೆ ಸರಿಯಾಗಿ ನಡೆಯುತ್ತೆ ಅಂತ ಪೇಜಲ್ಲೂ ಜಿಪ್ ಒಳಗಿನ ರೀಡ್‌ಮಿ ಫೈಲಲ್ಲೂ ಬರೀರಿ, ಬ್ಲೆಂಡರ್‌ನ ಹಳೇ ವರ್ಷನ್‌ಗಳೆಲ್ಲ ಅವರ ಸೈಟಲ್ಲೇ ಡೌನ್‌ಲೋಡ್‌ಗೆ ಸಿಗೋದ್ರಿಂದ, ನಿಜವಾಗ್ಲೂ ಬೇಕಾದವರು ಆ ವರ್ಷನ್ ಹಾಕ್ಕೊಂಡು ಕೆಲಸ ಮುಗಿಸ್ಕೊಬಹುದು.